ಹಿತ್ತಲ ತೊಟ್ಟಿಯ ಗೆಂಡೆ ಮರಿಗಳು

ಜಯನಗರ, ಬೆಂಗಳೂರು
14-8-1961

ಪೂಜ್ಯ ಪತಿದೇವರಿಗೆ ಜಯದೇವಿಯ ಶರಣು.

ನಿನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಹಿತ್ತಿಲಿಗೆ ಹೋಗಿ ಮೂರನೆಯ ತೊಟ್ಟಿಯ ಮೇಲಿನ ಬಲೆ ಎತ್ತಿದರೆ ಒಳಗೆ ನೀರೇ ಇಲ್ಲ. ಮೀನಿನ ಮರಿಗಳೆಲ್ಲ ಬಾಲದ ಮೇಲೆ ನಿಂತುಕೊಂಡು, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಏನೋ ಕೇಳುತ್ತಿದ್ದವು. ನನಗೆ ತಿಳಿಯದೆ, "ಅವರು ಊರಲ್ಲಿಲ್ಲ, ಬಂದ ಮೇಲೆ ಕೇಳಿ" ಎಂದುಬಿಟ್ಟೆ. ಎಚ್ಚರವಾದ ಮೇಲೆ ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗಿ ನೋಡಿದೆ. ನೀರು ಇತ್ತು, ಮರಿಗಳೂ ಇದ್ದವು. ಆದರೂ ಇನ್ನೊಂದು ಸಲ ಬಲೆ ಎತ್ತಿ ನೋಡಿದೆ. ಇಂಥ ಕನಸು ಬಿದ್ದರೆ ಯಾರಿಗಾದರೂ ಕೆಟ್ಟದಾಗುತ್ತದೆಯೇ? ನಿಮ್ಮ ಆರೋಗ್ಯ ಸರಿಯಾಗಿದೆಯಷ್ಟೇ?

ನೀವು ಕಟಕ್‌ಗೆ ಮೀನಿನ ಸಂಶೋಧನೆಯ ಕೆಲಸಕ್ಕೆ ಹೊರಡುವ ದಿನ ರೈಲಿನ ಕಿಟಕಿಯಲ್ಲಿ ಹೇಳಿದ್ದನ್ನು ಒಪ್ಪಿಸಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ. ಈಚೆಯ ಎರಡು ತೊಟ್ಟಿಯ ಮರಿಗಳಿಗೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಅಷ್ಟೇ. ಆಚೆಯ ಎರಡಕ್ಕೆ ಅದೇ ಹಿಂಡಿ, ಅದೇ ತೌಡು, ಜೊತೆಗೆ ರೇಷ್ಮೆ ಹುಳದ ಹಿಟ್ಟು. ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗೆ ಸತ್ತು ಉಳಿಯುವ ಹುಳ, ಒಣಗಿಸಿ ಪುಡಿ ಮಾಡಿದ್ದು. ಹುಳದ ಹಿಟ್ಟು ತಿಂದ ಮರಿಗಳು ಮಿಕ್ಕವಕ್ಕಿಂತ ಚೆನ್ನಾಗಿ ಬೆಳೆದರೆ ನಿಮ್ಮ ಮಾತು ಗೆದ್ದ ಹಾಗೆ. ಆಗ ಇಲಾಖೆಯವರೇ ನಿಮ್ಮನ್ನು ಬೆಂಗಳೂರಿಗೆ ಕರೆಸಿಕೊಳ್ಳುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ನೀವು ಮನೆಯಲ್ಲಿರುತ್ತೀರಿ. ಇಷ್ಟೇ ಅಲ್ಲವೇ? ನಾನು ಮರೆತದ್ದು ಏನೂ ಇಲ್ಲವಷ್ಟೇ?

ಹುಳದ ಚೀಲವನ್ನು ಬಚ್ಚಲ ಹಿಂದೆ ಇಟ್ಟಿದ್ದೇನೆ. ವಾಸನೆ ಅಡುಗೆಮನೆಯವರೆಗೂ ಬರುತ್ತದೆ. ದಾವಣಗೆರೆಯಿಂದ ಅತ್ತೆ ಕಾಗದ ಬರೆಸಿದ್ದಾರೆ, "ಸೋಮಲಿಂಗ ಯಾವ ಕೆರೆಯ ಕೆಲಸಕ್ಕೆ ಅಷ್ಟು ದೂರ ಹೋಗಿದ್ದಾನೆ" ಎಂದು. ನೀವು ಮೀನಿನ ಇಲಾಖೆಯಲ್ಲಲ್ಲ, ಕೆರೆ ಇಲಾಖೆಯಲ್ಲಿದ್ದೀರಿ ಎಂದೇ ಅವರು ತಿಳಿದಿರುವುದು. ನಾನೂ ದೊಡ್ಡ ಕೆರೆ ಎಂದು ಬರೆದಿದ್ದೇನೆ.

ಸುತ್ತ ಇನ್ನೂ ಬಯಲೇ. ಕತ್ತಲಾಗುತ್ತಲೇ ಬಾಗಿಲು ಹಾಕಿಕೊಂಡರೆ ಮಾತಾಡಲು ಯಾರೂ ಇಲ್ಲ. ಹಾಲಿನ ಲಕ್ಷ್ಮಮ್ಮ ಬಂದು ಹೋದರೆ ಅವತ್ತಿನ ಮಾತು ಮುಗಿದ ಹಾಗೆ. ಅಲ್ಲಿ ಸಂಸಾರಸ್ಥರಿಗೆ ಮನೆ ಸಿಗುವುದೇ ಎಂದು ಸುಮ್ಮನೆ ಕೇಳುತ್ತಿದ್ದೇನೆ. ಸಿಗದಿದ್ದರೆ ಬೇಡ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯುವಾಗ ಪ್ರತಿ ಸಲ ಸುತ್ತ ಒಮ್ಮೆ ನೋಡಿಕೊಳ್ಳುತ್ತೇನೆ. ಬಾಯಲ್ಲಿ ಹೇಳದ ಹೆಸರನ್ನು ಬರೆದರೆ ತಪ್ಪಿಲ್ಲವಲ್ಲ?

ನಿಮ್ಮ
ಜಯದೇವಿ


ಕಟಕ್
25-8-1961

ಚಿ. ಸೌ. ಜಯದೇವಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಕನಸಿಗೆ ಅಜೀರ್ಣವೇ ಕಾರಣ. ರಾತ್ರಿ ಅವರೆಬೇಳೆ ತಿನ್ನಬೇಡ.

ಹೇಳಿದ್ದನ್ನು ಸರಿಯಾಗಿ ಒಪ್ಪಿಸಿದ್ದೀಯೆ. ಆದರೆ ಏಕೆ ಎಂಬುದು ತಿಳಿದಿದ್ದರೆ ಕೈಗೆ ಎಚ್ಚರ ಬರುತ್ತದೆ, ಆದ್ದರಿಂದ ಬರೆಯುತ್ತೇನೆ. ನಮ್ಮ ಪಕ್ಕದ ಸೈಟಿನ ಮನೆಯನ್ನು ನೋಡು. ಇಟ್ಟಿಗೆ ರಾಶಿ ಬಿದ್ದಿದೆ, ಮರಳು ಇದೆ, ಗಾರೆಯವರೂ ಇದ್ದಾರೆ. ಸಿಮೆಂಟಿನ ಪರ್ಮಿಟ್ ಬರದೆ ಕಿಟಕಿಯ ಮಟ್ಟಕ್ಕೆ ನಿಂತಿದೆ. ಇನ್ನೊಂದು ಲಾರಿ ಇಟ್ಟಿಗೆ ತಂದು ಸುರಿದರೂ ಗೋಡೆ ಒಂದು ಗೇಣು ಏಳುವುದಿಲ್ಲ. ಮರಿಯ ಮೈಯೂ ಹಾಗೆಯೇ. ಮಾಂಸ ಕಟ್ಟಲು ಅಮೈನೋ ಆಮ್ಲಗಳು ಎಂಬ ಸಾಮಾನು ಬೇಕು. ಅವುಗಳಲ್ಲಿ ಹತ್ತನ್ನು ಮರಿ ತಾನೇ ತಯಾರಿಸಿಕೊಳ್ಳಲಾರದು, ಊಟದಲ್ಲೇ ಬರಬೇಕು. ಈಚೆಗೆ ಅಮೆರಿಕದಲ್ಲಿ ತಣ್ಣೀರಿನ ಮೀನಿನ ಮರಿಗಳ ಮೇಲೆ ಇದನ್ನು ತೋರಿಸಿಕೊಟ್ಟಿದ್ದಾರೆ. ಕಡಲೆಕಾಯಿ ಹಿಂಡಿಯಲ್ಲಿ ಲೈಸೀನ್, ಮೆಥಿಯೊನೀನ್ ಎಂಬ ಎರಡು ಕಡಿಮೆ. ಎಷ್ಟು ಹಿಂಡಿ ಹಾಕಿದರೂ ಆ ಎರಡು ಮುಗಿದಲ್ಲಿಗೆ ಬೆಳವಣಿಗೆ ನಿಲ್ಲುತ್ತದೆ. ರೇಷ್ಮೆ ಹುಳದಲ್ಲಿ ಅವು ಧಾರಾಳ. ನಮ್ಮ ಸೀಮೆಯಲ್ಲಿ ಗೊಬ್ಬರಕ್ಕೆ ಸುರಿಯುವ ವಸ್ತು ಅದು. ನಮ್ಮ ಗೆಂಡೆ ಮರಿಗಳ ಮೇಲೆ ನಾನು ಇದನ್ನು ತೋರಿಸಿದರೆ, ತೊಟ್ಟಿಗೆ ಜಾಗ ಕೊಡದ ಇಲಾಖೆ ನನ್ನನ್ನು ಕರೆದು ಕೂರಿಸಬೇಕಾಗುತ್ತದೆ.

ಮನೆಯ ವಿಷಯ. ಇಲ್ಲಿ ಒಂದು ಕೋಣೆಯಲ್ಲಿ ಮೂವರು ಮಲಗುತ್ತೇವೆ. ಸಂಸಾರ ತರುವವರಿಗೆ ಮನೆಗಳಿಲ್ಲ. ವಿಚಾರಿಸಿದೆ. ಊಟವೂ ಕಷ್ಟ, ಎಲ್ಲದಕ್ಕೂ ಸಾಸಿವೆ ಎಣ್ಣೆ.

ತಿಂಗಳಿಗೊಮ್ಮೆ ನಮ್ಮ ಬೆಂಗಳೂರು ಕಚೇರಿಯ ಅನಂತಪದ್ಮನಾಭ ಬಂದು ಮರಿಗಳನ್ನು ತೂಕ ಮಾಡುತ್ತಾರೆ. ಅವರ ಹತ್ತಿರ ಸಣ್ಣ ತಕ್ಕಡಿ ಇದೆ. ಅಮ್ಮನಿಗೆ ಬರೆಯುವಾಗ ಹುಳದ ಸುದ್ದಿ ಬೇಡ.

ಸೋಮಲಿಂಗಪ್ಪ


ಜಯನಗರ
12-9-1961

ಪೂಜ್ಯ ಪತಿದೇವರಿಗೆ ಶರಣು.

ನಿಮ್ಮ ಕಾಗದವನ್ನು ಓದಿ ಓದಿ ಮಡಿಕೆಯಲ್ಲಿ ಹರಿದಿದೆ. ಸಿಮೆಂಟಿನ ಮಾತು ಚೆನ್ನಾಗಿ ಅರ್ಥವಾಯಿತು. ಐದನೆಯ ಕ್ಲಾಸಿಗೆ ಶಾಲೆ ಬಿಡಿಸದಿದ್ದರೆ ನಾನೂ ಇವನ್ನೆಲ್ಲ ಓದುತ್ತಿದ್ದೆನೋ ಏನೋ. ಈಗ ಹಿತ್ತಿಲಿಗೆ ಹೋದಾಗಲೆಲ್ಲ ಆಚೆ ಕಾಂಪೌಂಡಿನ ಮೋಟು ಗೋಡೆ ನೋಡುತ್ತೇನೆ, ಈಚೆ ಮರಿಗಳನ್ನು ನೋಡುತ್ತೇನೆ. ಯಾವುದು ಮೊದಲು ಏಳುತ್ತದೋ ಎಂದು ಭಯವಾಗುತ್ತದೆ.

ಹುಳದ ಹಿಟ್ಟನ್ನು ಬಹಳ ಶುದ್ಧವಾಗಿ ಮಾಡಿ ಹಾಕುತ್ತಿದ್ದೇನೆ. ಅದರ ಬಗ್ಗೆ ಯೋಚನೆ ಬೇಡ. ಎಳೆಯ ಮರಿಗಳಿಗೆ ಕೊಳಕು ಹಾಕಿ ಏನಾದರೂ ಆದರೆ ನಿಮಗೆ ಮುಖ ತೋರಿಸುವುದು ಹೇಗೆ?

ಅನಂತಪದ್ಮನಾಭ ಅವರು ಬಂದಿದ್ದರು. ಒಬ್ಬಳೇ ಇದ್ದೇನೆಂದು ಒಳಗೆ ಬರಲಿಲ್ಲ, ಕಾಫಿಯನ್ನು ಜಗಲಿಯಲ್ಲಿ ನಿಂತೇ ಕುಡಿದರು. ತೂಕ ಮಾಡುವಾಗ ಅವರ ಮುಖವನ್ನೇ ನೋಡುತ್ತಿದ್ದೆ. ಏನೂ ಗೊತ್ತಾಗಲಿಲ್ಲ. "ಸಾರ್, ಆಚೆ ತೊಟ್ಟಿಯವು ದಪ್ಪ ಇದಾವಾ?" ಎಂದು ಕೇಳಿದರೆ, "ಎಲ್ಲಾ ಲೆಕ್ಕ ಅವರಿಗೇ ಕಳಿಸ್ತೀನಮ್ಮ" ಎಂದು ಕೊಡೆ ಬಿಚ್ಚಿಕೊಂಡು ಹೋದರು.

ಲಕ್ಷ್ಮಮ್ಮ ಮಾತ್ರ ಖುಷಿಯಲ್ಲಿದ್ದಾರೆ. ಅವರ ಹಸು ಗಂಗೆ ಈಗ ಹೆಚ್ಚು ಹಾಲು ಕೊಡುತ್ತಿದೆಯಂತೆ. ಬೈರಸಂದ್ರದಲ್ಲಿ ಅವಳಂಥ ಹಸು ಇಲ್ಲವಂತೆ. ನಿನ್ನೆ ತೊಟ್ಟಿಗಳ ಹತ್ತಿರ ನಿಂತು ಹೇಳಿದರು: "ಈ ಜಾಗದಲ್ಲಿ ನಮ್ ಮಾವ ರಾಗಿ ಬಿತ್ತವ್ರೆ ಕಣ್ರಮ್ಮ. ಸರ್ಕಾರ ತಗೊಂಡು ನಿಮ್ಗೆ ಮನೆ ಕಟ್ಟಕ್ ಕೊಡ್ತು. ನೀವು ನೋಡುದ್ರೆ ಮೀನು ಬಿತ್ತೀರಾ! ಬೆಳೆದ್‌ಮ್ಯಾಲೆ ಸಾರಿಗೂ ಹಾಕಲ್ಲ. ಎಂಥ ಬ್ಯಾಸಾಯವೋ ನಿಮ್ದು." ಬಹಳ ದಿನಗಳ ಮೇಲೆ ನಕ್ಕೆ. ನಕ್ಕ ಮೇಲೆ, ನೀವು ಇಲ್ಲದಾಗ ನಕ್ಕೆನಲ್ಲ ಎಂದು ಬೇಸರವಾಯಿತು.

ಸಾಸಿವೆ ಎಣ್ಣೆಯಿಂದ ಹೊಟ್ಟೆ ಕೆಟ್ಟಿಲ್ಲವಲ್ಲ? ಚಟ್ನಿಪುಡಿ ಕಳಿಸಲೇ?

ಜಯದೇವಿ


ಜಯನಗರ
30-9-1961

ಪೂಜ್ಯ ಪತಿದೇವರಿಗೆ ಶರಣು.

ಕಾಗದವಿಲ್ಲ. ಚಟ್ನಿಪುಡಿಯ ಡಬ್ಬಿ ತಲುಪಿತೋ ಇಲ್ಲವೋ ತಿಳಿಯದು. ಪೋಸ್ಟಿನವನು ನಮ್ಮ ರಸ್ತೆಗೆ ತಿರುಗದೆ ಹೋಗುವುದನ್ನು ಕಿಟಕಿಯಿಂದ ನೋಡುತ್ತೇನೆ. ಮಹಾನದಿಗೆ ನೆರೆ ಬಂದಿದೆ ಎಂದು ಬೈರಸಂದ್ರದಲ್ಲಿ ಯಾರದೋ ರೇಡಿಯೋದಲ್ಲಿ ಹೇಳಿದರಂತೆ. ನಿಮ್ಮ ಕೋಣೆ ನದಿಗೆ ಎಷ್ಟು ಹತ್ತಿರ? ಒಂದು ಕಾರ್ಡಿನಲ್ಲಿ ಎರಡು ಸಾಲು ಬರೆದರೂ ಸಾಕು.

ಅಥವಾ ಮರಿಗಳ ಲೆಕ್ಕ ನೋಡಿ ಬೇಸರವಾಗಿದ್ದೀರೋ?

ಜಯದೇವಿ


ಕಟಕ್
5-10-1961

ಜಯದೇವಿಗೆ,

ನಾನು ಕ್ಷೇಮ. ನೆರೆ ಇಲ್ಲಿಗೆ ಬಂದಿಲ್ಲ.

ಅನಂತಪದ್ಮನಾಭರ ಲೆಕ್ಕ ಬಂದು ಬಹಳ ದಿನವಾಯಿತು. ನಾಲ್ಕು ತೊಟ್ಟಿಗಳ ಮರಿಗಳೂ ಒಂದೇ ಸಮ. ಹುಳದ ಹಿಟ್ಟು ತಿಂದವು ಎಳ್ಳಷ್ಟೂ ಮುಂದಿಲ್ಲ. ಇಲ್ಲಿ ಈ ಹಾಳೆಯನ್ನು ತೋರಿಸಿದರೆ ನಗುತ್ತಾರೆ. ನನ್ನ ಯೋಚನೆ ತಪ್ಪಿರಬಹುದು. ಅಥವಾ ನೀನು ಒಂದು ತೊಟ್ಟಿಯದನ್ನು ಇನ್ನೊಂದಕ್ಕೆ ಹಾಕುತ್ತಿರಬಹುದು. ಓದಿದವರು ಮಾಡಬೇಕಾದ ಕೆಲಸವನ್ನು ಮನೆಯಲ್ಲಿ ಬಿಟ್ಟುಬಂದೆ.

ದಿನವೂ ಏನು ಮಾಡುತ್ತೀ, ಹೇಗೆ ಮಾಡುತ್ತೀ, ಎದ್ದಾಗಿನಿಂದ ಹಿಡಿದು ಬರೆ. ಬೇರೆ ಸುದ್ದಿ ಬೇಡ.

ಸೋಮಲಿಂಗಪ್ಪ


ಜಯನಗರ
14-10-1961

ಪೂಜ್ಯ ಪತಿದೇವರಿಗೆ ಶರಣು.

ನೀವು ಕೇಳಿದಷ್ಟನ್ನೇ ಬರೆಯುತ್ತೇನೆ.

ಎದ್ದು ಸ್ನಾನ ಮಾಡಿ ಲಿಂಗಪೂಜೆ ಮುಗಿಸುತ್ತೇನೆ. ಹುಳ ಮುಟ್ಟಿದ ಕೈಯಲ್ಲಿ ಪೂಜೆ ಮಾಡಲು ಮನಸ್ಸು ಬರುವುದಿಲ್ಲ, ಆದ್ದರಿಂದ ಪೂಜೆ ಮೊದಲು. ಆಮೇಲೆ ಹಿತ್ತಿಲಿಗೆ ಹೋಗುತ್ತೇನೆ. ಈಚೆಯ ಎರಡು ತೊಟ್ಟಿಗೆ ಹಿಂಡಿ, ತೌಡು ಕಲಸಿದ ಉಂಡೆ. ತೊಟ್ಟಿ ಅದಲು ಬದಲಾಗುವುದು ಸಾಧ್ಯವೇ ಇಲ್ಲ, ಆಚೆಯ ಎರಡರ ಅಂಚಿಗೆ ಮೊದಲ ದಿನವೇ ವಿಭೂತಿ ಹಚ್ಚಿದ್ದೇನೆ.

ಆಚೆಯವಕ್ಕೆ ಹುಳದ ಹಿಟ್ಟನ್ನು ಹಿಂದಿನ ಸಂಜೆಯೇ ನೆನೆಹಾಕಿರುತ್ತೇನೆ. ಬೆಳಗಾಗುವಷ್ಟರಲ್ಲಿ ಮೇಲೆ ಕಂದು ನೊರೆ, ಎಣ್ಣೆಯಂಥ ಕೆನೆ ಕಟ್ಟಿರುತ್ತದೆ. ವಾಸನೆಯೆಲ್ಲ ಅದರಲ್ಲೇ. ಅದನ್ನು ಬಸಿದು, ಅಕ್ಕಿ ತೊಳೆಯುವ ಹಾಗೆ ಮೂರು ನೀರಿನಲ್ಲಿ ತೊಳೆಯುತ್ತೇನೆ. ಮೂರನೆಯ ನೀರು ತಿಳಿಯಾಗಿ ಬರುತ್ತದೆ. ತಳದಲ್ಲಿ ಉಳಿದ ಶುದ್ಧವಾದದ್ದನ್ನು ಹಿಂಡಿಯ ಜೊತೆ ಕಲಸಿ ಉಂಡೆ ಕಟ್ಟಿ ಹಾಕುತ್ತೇನೆ. ತೊಳೆದ ನೀರನ್ನು ಚೆಲ್ಲುವುದಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಹಾಕುವ ಕಲಗಚ್ಚಿನ ಮಡಕೆಗೇ ಅದನ್ನೂ ಸುರಿಯುತ್ತೇನೆ. ಸಂಜೆ ಲಕ್ಷ್ಮಮ್ಮ ಬಂದು ಗಂಗೆಗೆ ಒಯ್ಯುತ್ತಾರೆ.

ಇಷ್ಟೇ. ಬೇರೆ ಏನೂ ಮಾಡಿಲ್ಲ. ಒಂದು ದಿನವೂ ತಪ್ಪಿಸಿಲ್ಲ, ಜ್ವರ ಬಂದ ದಿನಗಳಲ್ಲೂ.

ಜಯದೇವಿ


ಕಟಕ್
21-10-1961

ಜಯದೇವಿ,

ಈ ಕಾಗದ ಕೈಗೆ ಬಂದ ಕ್ಷಣದಿಂದ ತೊಳೆಯುವುದನ್ನು ನಿಲ್ಲಿಸು!

ನೀನು ಬಸಿದ ಕಂದು ನೀರಿನಲ್ಲೇ ಎಲ್ಲವೂ ಇತ್ತು. ನುಣುಪಾದ ಹಿಟ್ಟು, ಎಣ್ಣೆ, ನೀರಿನಲ್ಲಿ ಕರಗುವ ಸಾರ ಎಲ್ಲ ತೇಲಿ ಹೋಗಿ, ತಳದಲ್ಲಿ ಉಳಿದದ್ದು ಹುಳದ ಸಿಪ್ಪೆ, ಉಗುರಿನಂಥದ್ದು. ಯಾವ ಮರಿಗೂ ಅದು ಜೀರ್ಣವಾಗದು. ನನ್ನ ಮರಿಗಳು ಎರಡು ತಿಂಗಳು ಸಿಪ್ಪೆ ತಿಂದಿವೆ. ಊಟ ಮಾಡಿದ್ದು ಗಂಗೆ! ಇದನ್ನು ಓದಿ ನಾನು ಕೋಣೆಯಲ್ಲಿ ಒಬ್ಬನೇ ಜೋರಾಗಿ ನಕ್ಕೆ. ನನ್ನ ಯೋಚನೆ ತಪ್ಪಿಲ್ಲ. ಕಳೆದ ಕಾಗದದಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅನಂತಪದ್ಮನಾಭರು ಹೊಸ ಮರಿಗಳನ್ನು ತಂದು ಹಾಕುತ್ತಾರೆ. ಮೊದಲಿನಿಂದ ಶುರುಮಾಡೋಣ. ಒಣ ಹಿಟ್ಟನ್ನು ಒಣ ಹಿಂಡಿಯ ಜೊತೆ ಬೆರೆಸಿ, ಗಂಜಿಯಲ್ಲಿ ಗಟ್ಟಿಯಾಗಿ ಕಲಸಿ, ಆಗಲೇ ಹಾಕು. ವಾಸನೆ ಬಂದರೆ ಬರಲಿ. ಈ ಸಲ ಬೆಳೆದೇ ಬೆಳೆಯುತ್ತವೆ.

ಸೋಮಲಿಂಗಪ್ಪ


ಜಯನಗರ
20-11-1961

ಪೂಜ್ಯ ಪತಿದೇವರಿಗೆ ಶರಣು.

ನೀವು ನಕ್ಕಿರಿ ಎಂದು ಓದಿ ಸಮಾಧಾನವಾಯಿತು. ಜ್ವರ ಈಗ ಇಲ್ಲ. ಅದರ ಬಗ್ಗೆ ನೀವು ಕೇಳಿರಲಿಲ್ಲ, ನಾನೇ ತಿಳಿಸುತ್ತಿದ್ದೇನೆ.

ಈಗ ತೊಳೆಯುವುದಿಲ್ಲ. ಕೈಗೆ ಸೀಗೆಪುಡಿ, ಬೂದಿ, ನಿಂಬೆ ಸಿಪ್ಪೆ ಏನು ಹಚ್ಚಿದರೂ ವಾಸನೆ ಬಿಡುವುದಿಲ್ಲ. ಎಡಗೈಯಲ್ಲಿ ಹುಳ, ಬಲಗೈಯಲ್ಲಿ ಊಟ ಎಂದು ಗೊತ್ತುಮಾಡಿಕೊಂಡಿದ್ದೇನೆ. ಉಂಡೆ ಕಟ್ಟಲು ಎರಡೂ ಬೇಕಾಗುತ್ತದೆ, ಅದೇ ತೊಂದರೆ.

ಮನಸ್ಸಿನಲ್ಲಿ ಒಂದು ಕೊರೆಯುತ್ತಿದೆ, ನಿಮಗಲ್ಲದೆ ಯಾರಿಗೆ ಹೇಳಲಿ? ಅಷ್ಟು ದಿನ ಗಂಗೆಯ ಹಾಲನ್ನು ಲಿಂಗಕ್ಕೆ ಎರೆದಿದ್ದೇನೆ, ತೀರ್ಥವೆಂದು ಕುಡಿದಿದ್ದೇನೆ. ಅದು ಹುಳದ ಹಾಲಾಯಿತೇ? ಪ್ರಾಯಶ್ಚಿತ್ತ ಏನಾದರೂ ಮಾಡಬೇಕೇ? ಲಕ್ಷ್ಮಮ್ಮ ಮೊನ್ನೆ ಸಿಟ್ಟಿನಲ್ಲಿ ಬಂದರು.

"ಏನ್ರಮ್ಮಾ, ಕಲಗಚ್ಚು ಬರೀ ನೀರಾಗೈತಲ್ಲ? ಗಂಗೆ ಮೂಸ್ಬಿಟ್ಟು ಮುಖ ತಿರುಗಿಸ್ತಾಳೆ. ಹಾಲೂ ಇಳಿದೋಯ್ತು."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅದರಲ್ಲಿ ರೇಷ್ಮೆ ಹುಳದ ಹಿಟ್ಟಿನ ನೀರು ಇರ್ತಿತ್ತು ಲಕ್ಷ್ಮಮ್ಮಾ. ಇನ್ನು ಸಿಗಲ್ಲ. ಅದು ಮೀನಿಗೆ ಬೇಕಂತೆ."

ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಅಯ್ಯೋ ನನ್ನವ್ವಾ! ಹುಳ ಕುಡಿಸಿದ್ರಾ ನಮ್ ಗಂಗೆಗೆ? ಅದಕ್ಕೇ ಅಂತೀನಿ, ಕರೆದಷ್ಟೂ ಕೊಡ್ತಿದ್ಲು!" ಎಂದು ನಗಲು ಶುರುಮಾಡಿದರು. ನನಗೆ ಅಳು. ಆ ಹಾಲನ್ನು ಪೂಜೆಗೆ ಇಟ್ಟಿದ್ದೆ ಎಂದೆ. "ನೀವು ಇಟ್ಟಿದ್ದು ಹಾಲು ಕಣ್ರಮ್ಮ. ಗಂಗೆ ಕೆಚ್ಚಲಲ್ಲಿ ಹುಳ ಬಂತಾ? ಮೀನು ಸಾಕೋ ಮನೇಲಿ ಇದೆಂಥ ಮಡಿ?" ಹೋಗುವಾಗ ಗೇಟಿನ ಹತ್ತಿರ ತಿರುಗಿ, "ಮೀನ್ ಮರಿ ಉಂಡ್ವಾ ಬಿಟ್ವಾ ಅಂತ ಅಷ್ಟು ದೂರದಿಂದ ವಿಚಾರಿಸ್ತಾರೆ ನಿಮ್ ಯಜಮಾನ್ರು. ನೀವು ಉಂಡ್ರಾ ಅಂತ ಕೇಳ್ತಾರಾ?" ಎಂದರು.

ಅವರ ಬಾಯಿಯೇ ಅಂಥದ್ದು. ನೀವು ತಪ್ಪು ತಿಳಿಯಬೇಡಿ.

ಜಯದೇವಿ


ಜಯನಗರ
26-12-1961

ಪೂಜ್ಯ ಪತಿದೇವರಿಗೆ ಶರಣು.

ಬೆಳೆದಿವೆ! ಲೆಕ್ಕ ನಿಮಗೆ ಅನಂತಪದ್ಮನಾಭ ಅವರಿಂದ ಬರುತ್ತದೆ, ಆದರೆ ಮೊದಲು ನಾನೇ ಹೇಳಬೇಕೆಂದು ಅವರು ಗೇಟು ದಾಟುತ್ತಲೇ ಬರೆಯಲು ಕುಳಿತೆ. ತಕ್ಕಡಿಯೇ ಬೇಡ, ಬಲೆ ಎತ್ತಿದರೆ ಕಣ್ಣಿಗೇ ಕಾಣುತ್ತದೆ. ಈಚೆಯ ತೊಟ್ಟಿಯವು ನನ್ನ ಕಿರುಬೆರಳಿನಷ್ಟು. ಆಚೆಯವು ನಡುಬೆರಳಿಗಿಂತ ಉದ್ದ, ಬೆನ್ನು ಅಗಲ, ಉಂಡೆ ಬಿದ್ದ ಕೂಡಲೇ ನೀರು ಕುದಿಯುವ ಹಾಗೆ ಮೇಲೆ ಬರುತ್ತವೆ. ಅನಂತಪದ್ಮನಾಭ ಅವರು ಮೊದಲ ಸಲ ನಕ್ಕರು. "ಸೋಮಲಿಂಗಪ್ಪ ಗೆದ್ಬಿಟ್ರಮ್ಮ" ಎಂದರು. ಎರಡನೆಯ ಲೋಟ ಕಾಫಿಯನ್ನೂ ಕುಡಿದರು.

ನೀವು ಗೆದ್ದಿರಿ. ಸಂಕ್ರಾಂತಿಗೆ ಇನ್ನೇನು ದಿನವಿಲ್ಲ. ವರ್ಗದ ಆರ್ಡರು ಬಂತೇ? ಎಳ್ಳು ಹುರಿದಿಟ್ಟಿದ್ದೇನೆ, ಕೊಬ್ಬರಿ ಹೆಚ್ಚಿದ್ದೇನೆ. ಹುಳದ ಚೀಲವನ್ನು ಬಚ್ಚಲ ಹಿಂದಿನಿಂದ ತೆಗೆದು ಕಾಂಪೌಂಡಿನ ಮೂಲೆಗೆ ಸಾಗಿಸಿ, ಆ ಜಾಗಕ್ಕೆ ಸುಣ್ಣ ಬಳಿಸಿದೆ. ಬಂದವರಿಗೆ ಮೊದಲೇ ವಾಸನೆ ಹೊಡೆಯಬಾರದಲ್ಲ. ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ರೈಲು ಯಾವತ್ತು ಎಂದು ತಿಳಿಸಿದರೆ ಸ್ಟೇಷನ್ನಿಗೆ ಬರುತ್ತೇನೆ. ನನಗೆ ಬಸ್ಸಿನಲ್ಲಿ ಒಬ್ಬಳೇ ಮೆಜೆಸ್ಟಿಕ್ಕಿಗೆ ಹೋಗಲು ಭಯವೇ, ಆದರೂ ಬರುತ್ತೇನೆ.

ಜಯದೇವಿ


ಕಟಕ್
12-1-1962

ಚಿ. ಸೌ. ಜಯದೇವಿಗೆ,

ಲೆಕ್ಕ ತಲುಪಿತು. ಇಲ್ಲಿ ಎಲ್ಲರೂ ಸುತ್ತ ಕುಳಿತು ನೋಡಿದರು. ನಿನ್ನ ಕೈಕೆಲಸ ಚೊಕ್ಕವಾಗಿದೆ.

ಇದರಿಂದ ಒಳ್ಳೆಯದಾಗಿದೆ. ಮನೆಯ ತೊಟ್ಟಿಯಲ್ಲಿ ಆದದ್ದನ್ನು ದೊಡ್ಡ ಕೊಳಗಳಲ್ಲಿ ಮಾಡಿ ತೋರಿಸಲು ನನಗೇ ಒಪ್ಪಿಸಿದ್ದಾರೆ. ಬೆಂಗಳೂರಿನಲ್ಲಿ ಅಂಥ ಕೊಳಗಳಿಲ್ಲ. ಆದ್ದರಿಂದ ಇನ್ನೆರಡು ವರ್ಷ ಇಲ್ಲಿಯೇ. ಇಂಥ ಅವಕಾಶ ಎಲ್ಲರಿಗೂ ಸಿಗುವುದಿಲ್ಲ ಎಂಬುದು ನಿನಗೂ ತಿಳಿಯುತ್ತದೆ.

ನೀನು ಅಲ್ಲಿ ಇರುವುದೇ ಈಗ ಮುಖ್ಯ. ಇದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿದರೆ ಲೆಕ್ಕ ಗಟ್ಟಿಯಾಗುತ್ತದೆ. ಫೆಬ್ರವರಿಯಲ್ಲಿ ಅನಂತಪದ್ಮನಾಭರು ಬೆಳೆದ ಮರಿಗಳನ್ನು ಒಯ್ದು ಹೊಸವನ್ನು ಬಿಡುತ್ತಾರೆ. ತೊಟ್ಟಿಗಳನ್ನು ಉಜ್ಜಿ, ಬಿಸಿಲಿಗೆ ಒಣಗಿಸಿ, ಹೊಸ ನೀರು ತುಂಬಿಸಿಡು. ಬಾವಿಯ ನೀರೇ ಆಗಬೇಕು.

ಮನೆಗಳ ಪರಿಸ್ಥಿತಿ ಮೊದಲಿನಂತೆಯೇ ಇದೆ.

ಸೋಮಲಿಂಗಪ್ಪ


ಜಯನಗರ
19-2-1962

ನಿಮಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕುಳಿತಾಗಲೆಲ್ಲ ಮರಿಗಳ ವಿಷಯವೇ ಬರುತ್ತಿತ್ತು. ಬೇರೆ ಏನು ಬರೆಯಬೇಕೆಂದು ತಿಳಿಯದೆ ಹರಿದುಹಾಕಿದೆ.

ಹೋದ ವಾರ ಅನಂತಪದ್ಮನಾಭ ಅವರು ಮರಿಗಳನ್ನು ಒಯ್ಯಲು ಬಂದರು. ಈ ಸಲ ಅವರ ಮನೆಯವರು ಮೀನಾಕ್ಷಮ್ಮನವರೂ ಜೊತೆಗಿದ್ದರು. ಹೆಂಗಸರು ಬಂದದ್ದರಿಂದ ಎಲ್ಲರೂ ಒಳಗೆ ಕುಳಿತರು. ನೀವು ಹೋದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿದ್ದು ಅದೇ ಮೊದಲು. ಮೀನಾಕ್ಷಮ್ಮ ಬಾಯಿತುಂಬ ಮಾತಾಡುವವರು. ನಾನು ಅವಲಕ್ಕಿ ಕೊಟ್ಟೆ. ಅವರು ಮನೆಯೆಲ್ಲ ನೋಡಿ ಹೇಳಿದರು:

"ಇಷ್ಟ್ ದೊಡ್ಡ ಬಯಲಲ್ಲಿ ಒಬ್ಬರೇ ಹೇಗ್ರೀ ಇರ್ತೀರಾ? ನೀವೂ ಕಟಕ್‌ಗೆ ಹೋಗ್ಬಾರದಿತ್ತಾ? ನಾವು ಎರಡು ವರ್ಷ ಇದ್ವಲ್ಲ ಅಲ್ಲಿ. ಆಫೀಸಿನ ಹಿಂದೇನೇ ಸಾಲುಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ನುಗ್ಗೇಮರ. ತೆಲುಗಿನವರು, ಬಂಗಾಳಿಯವರು, ಎಲ್ಲಾ ಹೆಂಗಸರೂ ಸೇರಿಬಿಡ್ತಿದ್ವಿ. ಭಾಷೆ ಬರದಿದ್ರೂ ಎಷ್ಟು ಹರಟೆ!"

ಅನಂತಪದ್ಮನಾಭ ಅವರು ಕೆಮ್ಮಿದರು. "ಮೀನಾ, ಹೊತ್ತಾಯ್ತು" ಎಂದರು.

"ಏನ್ ಹೊತ್ತು? ಈಗ ತಾನೆ ಬಂದಿದೀವಿ. ನಾವಿದ್ವಲ್ಲ, ಆ ಸಾಲಿನಲ್ಲಿ ಕೊನೇ ಮನೆ, ಅದಿನ್ನೂ ಖಾಲಿ ಬಿದ್ದಿದೆಯಂತೆ. ನಿಮ್ಮ ಯಜಮಾನ್ರೇ ಇವರಿಗೆ ಬರೆದಿದ್ರಲ್ಲ, ದೀಪಾವಳೀಲಿ. ಅಲ್ವೇನ್ರೀ?"

ಅನಂತಪದ್ಮನಾಭ ಅವರು ಅವಲಕ್ಕಿಯ ತಟ್ಟೆ ಇಟ್ಟು, ತಕ್ಕಡಿ ತೆಗೆದುಕೊಂಡು ಹಿತ್ತಿಲಿಗೆ ಎದ್ದು ಹೋದರು.

ಮೀನಾಕ್ಷಮ್ಮ ನನ್ನ ಮುಖ ನೋಡುತ್ತಿದ್ದರು. ನಾನು ಹೇಳಿದೆ, "ಇವರು ಕರೆದ್ರು ಕಣ್ರೀ. ನನಗೇ ಅಷ್ಟು ದೂರ ಹೋಗೋಕೆ ಧೈರ್ಯ ಬರ್ಲಿಲ್ಲ." ಅವರು ನಂಬಿದರು ಎಂದುಕೊಂಡಿದ್ದೇನೆ. "ಅಯ್ಯೋ, ಭಯ ಎಂಥದ್ದು? ಮದರಾಸಿನಲ್ಲಿ ಒಂದ್ಸಲ ಗಾಡಿ ಬದಲಾಯಿಸಿದ್ರೆ ಆಯ್ತು" ಎಂದು ದಾರಿಯಲ್ಲಿ ಏನೇನು ಸಿಗುತ್ತದೆ, ಯಾವ ಸ್ಟೇಷನ್ನಿನಲ್ಲಿ ಇಡ್ಲಿ ಚೆನ್ನಾಗಿರುತ್ತದೆ ಎಂಬುದನ್ನೆಲ್ಲ ಹೇಳಿದರು. ನಾನು ಎಲ್ಲವನ್ನೂ ಕೇಳಿಕೊಂಡೆ.

ಅವರು ಹೋದ ಮೇಲೆ ಚಾಪೆ ಸುತ್ತಿಟ್ಟೆ. ನೀವು ಕೆಲಸದ ಭರದಲ್ಲಿ ಮರೆತಿರಬಹುದು. ಅನಂತಪದ್ಮನಾಭ ಅವರಿಗೆ ಬರೆದ ಆ ಮನೆ ಬೇರೆ ಇರಬಹುದು. ಖಾಲಿ ಇದ್ದದ್ದು ಆಮೇಲೆ ಯಾರಿಗಾದರೂ ಕೊಟ್ಟಿರಬಹುದು. ಇಷ್ಟನ್ನೂ ನಾನೇ ಯೋಚಿಸಿ ನೋಡಿದ್ದೇನೆ. ಇನ್ನೂ ಒಂದು ಯೋಚನೆ ಬಂತು. ಆಚೆಯ ತೊಟ್ಟಿಗೂ ಈಚೆಯ ತೊಟ್ಟಿಗೂ ಬೆಳಗ್ಗೆ ಉಂಡೆ ಹಾಕಲು ಇಲ್ಲಿ ಒಬ್ಬರು ಬೇಕಿತ್ತು. ಆ ಯೋಚನೆಯನ್ನು ಮುಂದಕ್ಕೆ ಬಿಡಲಿಲ್ಲ.

ಹೊಸ ಮರಿಗಳ ಡಬ್ಬಿಯನ್ನು ನಾನು ಇಳಿಸಿಕೊಳ್ಳಲಿಲ್ಲ. ಕಚೇರಿಯ ಕೊಳದಲ್ಲೇ ಇರಲಿ ಎಂದು ವಾಪಸು ಕಳಿಸಿದೆ. ತೊಟ್ಟಿಗಳನ್ನು ಉಜ್ಜಿ, ಬಿಸಿಲಿಗೆ ಒಣಗಿಸಿ ಬೋರಲು ಹಾಕಿದ್ದೇನೆ. ನೀರು ತುಂಬಿಸಿಲ್ಲ. ಅನಂತಪದ್ಮನಾಭ ಅವರು "ಸೋಮಲಿಂಗಪ್ಪನವರಿಗೆ ಏನಂತ ಬರೀಲಮ್ಮ?" ಎಂದು ಕೇಳಿದರು. "ನಾನೇ ಬರೀತೀನಿ ಸಾರ್" ಎಂದೆ. ಹುಳದ ಚೀಲವನ್ನು ಲಕ್ಷ್ಮಮ್ಮನಿಗೆ ಕೊಟ್ಟೆ. ಅವರು ಎರಡು ಸಲ ಕೇಳಿ ಖಾತರಿಮಾಡಿಕೊಂಡು ತಲೆಯ ಮೇಲೆ ಹೊತ್ತುಕೊಂಡು ಹೋದರು.

ನನ್ನ ಟ್ರಂಕಿಗೆ ಎರಡು ಸೀರೆ, ಪೂಜೆಯ ಸಾಮಾನು ಹಾಕಿಟ್ಟಿದ್ದೇನೆ. ಮುಚ್ಚಳ ಮುಚ್ಚಿಲ್ಲ. ಒಂದೊಂದು ಸಲ ಎಲ್ಲವನ್ನೂ ತೆಗೆದು ಮತ್ತೆ ಬೀರುವಿನಲ್ಲಿ ಇಡುತ್ತೇನೆ, ಸಂಜೆಯಾದರೆ ಮತ್ತೆ ಟ್ರಂಕಿಗೆ ಹಾಕುತ್ತೇನೆ. ನೀವು ಬೇಡ ಎಂದರೆ ಬರುವುದಿಲ್ಲ. ಆದರೆ ಬೇಡ ಎಂಬುದನ್ನು ನೀವೇ ಬರೆಯಬೇಕು. ಮನೆ ಇಲ್ಲ ಎಂದು ಮಾತ್ರ ಬರೆಯಬೇಡಿ.

ನಿಮ್ಮ ಆಫೀಸಿನ ಹಿಂಬಾಗಿಲಿನಿಂದ ಹೊರಟರೆ ಎಡಗಡೆ ಸಾಲು ಸಿಗುತ್ತದಂತೆ. ಒಂದು ಸಂಜೆ ಬಿಡುವು ಮಾಡಿಕೊಂಡು ಅಲ್ಲಿಯವರೆಗೆ ನಡೆದುಹೋಗಿ. ಕೊನೆಯ ಮನೆಯ ಬಾಗಿಲಿಗೆ ಬೀಗ ಹಾಕಿದೆಯೋ, ಒಳಗೆ ಯಾರಾದರೂ ಇದ್ದಾರೋ, ದಯವಿಟ್ಟು ಇನ್ನೊಂದು ಸಲ ನೋಡಿ ಬರೆಯಿರಿ.

ಜಯದೇವಿ